ಕೊಟ್ಟ ನಂಬರ್ ವಾಪಸ್ ಬರುತ್ತಾ?

ಪ್ರಶ್ನೆ: ಮಗಳ ಮದುವೆಗೆ ಸೀರೆ ತೆಗೆಯಲು ಹೋದಾಗ ಬಿಲ್ ಹಾಕುವ ಹುಡುಗ ಫೋನ್ ನಂಬರ್ ಕೇಳಿದ, ಹೇಳಿದೆ. ಛತ್ರದವರು ಆಧಾರ್ ಜೆರಾಕ್ಸ್ ಕೇಳಿದರು, ಕೊಟ್ಟೆ. ಆಮೇಲೆ ಶುರುವಾಯಿತು ನೋಡಿ: ಸೈಟು ಬೇಕಾ, ಸಾಲ ಬೇಕಾ! ಮೊನ್ನೆ ಒಬ್ಬಳು ಐವತ್ತೆಂಟು ವರ್ಷದ ನನಗೆ ಹನಿಮೂನ್ ಪ್ಯಾಕೇಜ್ ವಿವರಿಸಿದಳು. ಕೊಟ್ಟಿದ್ದನ್ನು ವಾಪಸ್ ಇಸಿದುಕೊಳ್ಳಲು ದಾರಿ ಇದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹನಿಮೂನ್ ವಿಷಯಕ್ಕೆ ನಕ್ಕುಬಿಟ್ಟೆ, ಕ್ಷಮಿಸಿ ತಾಯಿ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು 'ಇನ್ನೊಂದು ಜೆರಾಕ್ಸ್ ತನ್ನಿ' ಎಂದವನು ನಾನು. ಆ ಕಾಗದಗಳೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ದಾರಿ ಇದೆ, ಸದ್ಯಕ್ಕೆ ಅರ್ಧ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಅವರಿಗೆ ಎಂಬತ್ತು ದಾಟಿತ್ತು! 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು ಎನ್ನುತ್ತದೆ ಅದು. ನನ್ನ ಮಾಹಿತಿ ಅಳಿಸಿ ಎನ್ನಬಹುದು, ಯಾತಕ್ಕೆ ಬೇಕೆಂಬ ನೋಟಿಸನ್ನು ಕನ್ನಡದಲ್ಲೇ ಕೊಡಿ ಎನ್ನಬಹುದು. ಆದರೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಈ ಹಕ್ಕುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಇನ್ನೊಂದು ಕೊಕ್ಕೆ: ಛತ್ರದ ಫೈಲಿನಲ್ಲಿ ಬರೀ ಕಾಗದವಾಗಿ ಕೂತ ಜೆರಾಕ್ಸ್ ಈ ಕಾಯ್ದೆಗೆ ಸೇರುವುದಿಲ್ಲ. ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಮಾತ್ರ.

ಹಾಗಾಗಿ ಛತ್ರಕ್ಕೆ ನೀವೇ ಹೋಗಿ. ಆಧಾರ್ ವೆಬ್‌ಸೈಟಿನಲ್ಲಿ 'ಮಾಸ್ಕ್ಡ್' ಪ್ರತಿ ಸಿಗುತ್ತದೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದವು ಕಾಣುವುದಿಲ್ಲ. ಅದರ ಮೇಲೆ ಅಡ್ಡಲಾಗಿ 'ಛತ್ರದ ಬುಕಿಂಗ್‌ಗೆ ಮಾತ್ರ' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿ. ಅದನ್ನು ಕೊಟ್ಟು ಹಳೆಯದನ್ನು ಈಸಿಕೊಂಡು ಬನ್ನಿ, ಮದುವೆ ಮುಗಿದ ಮೇಲೆ ಅವರಿಗೆ ಅದರಿಂದ ಏನಾಗಬೇಕು? ಜೊತೆಗೆ ನಿಮ್ಮದೇ ಫೋನಿನಿಂದ 1909ಕ್ಕೆ ಕರೆ ಮಾಡಿ, ಜಾಹೀರಾತು ಕರೆ ಬೇಡವೆಂದು ನೋಂದಾಯಿಸಿ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ.

ಸೀರೆ ಅಂಗಡಿಯ ಮಾತು ಬೇರೆ. ಬಿಲ್ಲಿಗೆ ಫೋನ್ ನಂಬರ್ ಕಡ್ಡಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಕಳೆದ ವಾರ ಮೆಡಿಕಲ್ ಶಾಪಿನಲ್ಲಿ ನಾನೂ 'ಕೊಡಲ್ಲ' ಅಂದೆ. 'ಕಂಪ್ಯೂಟರ್ ತಗೊಳ್ಳಲ್ಲ ಸಾರ್' ಅಂದ ಹುಡುಗ. ಬಿ.ಪಿ. ಮಾತ್ರೆಗೆ ಬಂದವನು ಬಿ.ಪಿ. ಏರಿಸಿಕೊಳ್ಳದೆ ಸುಮ್ಮನೆ ನಿಂತೆ. ನನ್ನ ಹಿಂದೆ ನಾಲ್ಕು ಜನ ಸೇರಿದರು. ಅವನು ಹತ್ತು ಸೊನ್ನೆ ಒತ್ತಿದ. ಬಿಲ್ ಬಂತು.