ಗಂಧಕದ ಹೊಗೆ ಹಾಕಿದ ಒಣ ಬೇರು ಬಳಸಬಹುದಾ?

ನೀವು ತಂದ ಒಣ ಬೇರು ವಿಪರೀತ ಬೆಳ್ಳಗಿದೆ, ಏನೋ ಘಾಟು ಬರುತ್ತಿದೆ, ಕೆಡದಿರಲಿ ಅಂತ ಕೆಮಿಕಲ್ ಹಾಕಿದ್ದರೆ ತೊಳೆದು ಕುದಿಸಿದಾಗ ಹೋಗುತ್ತಾ ಅಂತ ಕೇಳಿದ್ದೀರಿ. ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಅದರ ಜೊತೆ ಬೇರಿನ ಸತ್ವವೂ ನೀರಿಗೆ ಬಿಟ್ಟು ಹೋಗುತ್ತದೆ.

ನಾನು ಕೆಲವು ವರ್ಷ ಗಿಡಮೂಲಿಕೆ ಗೋದಾಮಿನಲ್ಲಿ ಬಂದ ಮಾಲು ನೋಡಿ ಇಳಿಸಿಕೊಳ್ಳುವ ಕೆಲಸ ಮಾಡಿದ್ದೇನೆ. ಒಮ್ಮೆ ಒಂದು ಲೋಡ್ ಶತಾವರಿ ಬಂತು. ಚೀಲದ ಬಾಯಿ ಬಿಚ್ಚಿದ್ದೇ ತಡ, ಮೂಗಿನ ಹತ್ತಿರವೇ ಬೆಂಕಿಕಡ್ಡಿ ಗೀರಿದ ಹಾಗಾಯಿತು. ನೋಡಲು ಮಾತ್ರ ಬಲು ಚೆಂದ, ಎಲ್ಲಾ ಒಂದೇ ಬಣ್ಣ. ಒಂದು ಬೇರು ತೆಗೆದು ಮುರಿದೆ. ಚೆನ್ನಾಗಿ ಒಣಗಿದ್ದರೆ ಪಟ್ ಅನ್ನಬೇಕಿತ್ತು. ಇದು ರಬ್ಬರಿನ ಹಾಗೆ ಬಾಗಿತು. ಒಣಗಿಸುವ ಕಷ್ಟ ತಪ್ಪಿಸಿಕೊಳ್ಳಲು ಹೊಗೆ ಹಾಕಿದ್ದರು, ಅಷ್ಟೇ.

ಗಂಧಕ ಸುಟ್ಟಾಗ ಬರುವುದು ಸಲ್ಫರ್ ಡೈಆಕ್ಸೈಡ್. ಅದು ಹುಳ, ಬೂಷ್ಟು ತಡೆಯುತ್ತದೆ, ಬಣ್ಣ ಬಿಳಿ ಮಾಡುತ್ತದೆ, ಬೇರಿನ ತೇವದಲ್ಲಿ ಸಲ್ಫೈಟ್ ಆಗಿ ಉಳಿಯುತ್ತದೆ. ಚೀನಾದ ಔಷಧ ಸಂಹಿತೆಯಲ್ಲಿ ಹೆಚ್ಚಿನ ಮೂಲಿಕೆಗಳಿಗೆ ಇದರ ಮಿತಿ ಕೆಜಿಗೆ 150 ಮಿಲಿಗ್ರಾಂ. ಅಂಥ 10 ಗ್ರಾಂ ಬೇರಿನಲ್ಲಿ ಇರುವುದು ಹೆಚ್ಚೆಂದರೆ 1.5 ಮಿಲಿಗ್ರಾಂ. ದೇಹದ ತೂಕದ ಕೆಜಿಗೆ ದಿನಕ್ಕೆ 0.7 ಮಿಲಿಗ್ರಾಂ ತನಕ ತಿನ್ನಬಹುದು ಅಂತ ಅಂತರರಾಷ್ಟ್ರೀಯ ತಜ್ಞರ ಸಮಿತಿ ಇಟ್ಟ ಲೆಕ್ಕಕ್ಕೆ ಇದು ಏನೇನೂ ಅಲ್ಲ. ಮಿತಿಯೊಳಗಿದ್ದರೆ ಗಾಬರಿ ಬೇಡ. ಆದರೆ ನಿಮ್ಮ ಕೈಲಿರುವ ಬೇರಿನಲ್ಲಿ ಎಷ್ಟಿದೆ ಅಂತ ಯಾರೂ ಅಳೆದಿಲ್ಲ, ಅಲ್ವಾ? ಉಬ್ಬಸ ಇರುವವರಿಗಂತೂ ಸ್ವಲ್ಪ ಸಲ್ಫೈಟ್ ಸಾಕು, ಎದೆ ಹಿಡಿದುಕೊಳ್ಳಬಹುದು.

ನನಗೆ ಜಾಸ್ತಿ ಬೇಜಾರು ಬೇರೆ ವಿಷಯಕ್ಕೆ. ಹೊಗೆ ಮೂಲಿಕೆಯ ಗುಣವನ್ನೇ ಬದಲಾಯಿಸಬಹುದು. ಚೀನಾದ ವೈದ್ಯದಲ್ಲಿ ಬಳಸುವ ಬಿಳಿ ಪಿಯೋನಿ ಎಂಬ ಹೂಗಿಡದ ಬೇರಿನ ಮುಖ್ಯ ಸತ್ವ ಪಿಯೋನಿಫ್ಲೋರಿನ್. ಗಂಧಕದ ಹೊಗೆ ತಾಗಿದರೆ ಅದರಲ್ಲಿ ಒಂದಷ್ಟು ಪಿಯೋನಿಫ್ಲೋರಿನ್ ಸಲ್ಫೋನೇಟ್ ಎಂಬ ಬೇರೆಯೇ ವಸ್ತು ಆಗಿಬಿಡುತ್ತದೆ. ಎಷ್ಟು ತೊಳೆದರೂ ಅದು ಹಳೆಯ ರೂಪಕ್ಕೆ ಬರುವುದಿಲ್ಲ.

ಇನ್ನು ನಿಜವಾಗಿ ಹೆದರಬೇಕಾದ್ದು ಎಥಿಲೀನ್ ಆಕ್ಸೈಡ್ ಅನಿಲಕ್ಕೆ. ಪುಡಿಗಳಲ್ಲಿನ ಕ್ರಿಮಿ ಕೊಲ್ಲಲು ಬಳಸುತ್ತಾರೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಸಾಲಿನಲ್ಲಿದೆ. ಯುರೋಪ್ ಒಕ್ಕೂಟದಲ್ಲಿ ಮೂಲಿಕೆಗಳಿಗೆ ಇದನ್ನು ಬಳಸಲು ಅವಕಾಶವಿಲ್ಲ. ಗಂಧಕವಾದರೆ ಮೂಗಿಗೆ ಹೊಡೆಯುತ್ತದೆ, ಇದು ಉಳಿದಿದ್ದರೂ ನಿಮಗೆ ಗೊತ್ತೇ ಆಗುವುದಿಲ್ಲ.

ಹಾಗಂತ ಕೆಮಿಕಲ್ ಹಾಕದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಸರಿಯಾಗಿ ಒಣಗಿಸದೆ ಸುಮ್ನೆ ಚೀಲಕ್ಕೆ ತುಂಬಿದರೆ ಬೂಷ್ಟು ಬರುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದೂ ಕ್ಯಾನ್ಸರ್‌ಕಾರಕ, ಕುದಿಸಿದರೆ ಹೋಗುವುದಿಲ್ಲ. ಮುಗ್ಗಲು ವಾಸನೆಯ ಬೇರಿಗಿಂತ ಮಿತಿಯೊಳಗೆ ಹೊಗೆ ಹಾಕಿದ ಬೇರನ್ನೇ ನಾನು ಆರಿಸಿಕೊಂಡೇನು.

ನಿಮ್ಮ ಬೇರನ್ನು ಒಂದು ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಿಡಿ. ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿ. ಬೆಂಕಿಕಡ್ಡಿಯ ಘಾಟು ಬಂದರೆ ವಾಪಸ್ ಕೊಡಿ. ವಾಸನೆ ಇಲ್ಲ ಅಂದರೆ ಏನೂ ಇಲ್ಲ ಅಂತ ಅರ್ಥವಲ್ಲ, ಅದೂ ನೆನಪಿರಲಿ. ಮಾರುವವರ ಹತ್ತಿರ ಸಲ್ಫರ್ ಡೈಆಕ್ಸೈಡ್ ಮತ್ತು ಅಫ್ಲಾಟಾಕ್ಸಿನ್ ಪರೀಕ್ಷೆಯ ವರದಿ ಕೇಳಿ. ಪುಡಿಯಾದರೆ ಎಥಿಲೀನ್ ಆಕ್ಸೈಡಿನದೂ ಕೇಳಿ. ವೈದ್ಯರು ಹೇಳಿ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಅವರಿಗೇ ತೋರಿಸಿ.

ಆ ಶತಾವರಿ ಲೋಡನ್ನು ವಾಪಸ್ ಕಳಿಸಿದೆವು. ಬದಲಿಗೆ ಬಂದದ್ದು ಮಂಕು ಕಂದು ಬಣ್ಣದ್ದು, ಸೊಟ್ಟಸೊಟ್ಟ, ಆದರೆ ಪಟ್ ಅಂತ ಮುರಿಯುತ್ತಿತ್ತು. ಕೊಂಡವರಲ್ಲಿ ಮೂವರು ಫೋನ್ ಮಾಡಿ, ಹಳೇ ಮಾಲು ಕಳಿಸಿದ್ದೀರಾ ಅಂತ ಬೈದರು.