ಲೂಸ್ ಸಿಗರೇಟ್ ಬ್ಯಾನ್, ಫೈನ್ ಬೇರೆ 1000 ರೂಪಾಯಿ. ಸೇದೋ ದೊಡ್ಡೋರಿಗೆ ಸರ್ಕಾರ ಯಾಕಿಷ್ಟು ಕಾಟ ಕೊಡುತ್ತೆ? ಪ್ಯಾಕ್ ತಗೊಂಡು ಇಟ್ಕೊಳ್ಳಲಾ, ಇಲ್ಲ ಇ-ಸಿಗರೇಟ್ ಅಂತಾರಲ್ಲ ಆ ವೇಪ್‌ಗೆ ಹೋಗ್ಬಿಡ್ಲಾ?

ವೇಪ್ ಕಥೆ ಆಮೇಲೆ. ಆ ಪ್ಯಾಕ್ ತಗೊಂಡು ಇಟ್ಕೊಳ್ಳೋ ಐಡಿಯಾ ಇದ್ಯಲ್ಲ, ದಯವಿಟ್ಟು ಅದೊಂದು ಮಾಡ್ಬೇಡಿ.

2017ರಲ್ಲಿ ಕರ್ನಾಟಕದಲ್ಲಿ ಲೂಸ್ ಮಾರಂಗಿಲ್ಲ ಅಂತ ಆದೇಶ ಬಂದಾಗ ನಾನು ಜಯನಗರದ ಒಂದು ಆಫೀಸಲ್ಲಿದ್ದೆ, ನಾಲ್ಕನೇ ಫ್ಲೋರು, ಲಿಫ್ಟ್ ಕೆಟ್ಟು ನಿಂತಿರೋದೇ ಜಾಸ್ತಿ. ಕೆಳಗಡೆ ಕಾಂಡಿಮೆಂಟ್ಸ್ ಅಣ್ಣ ರೈಡು ಗೀಡು ಅಂತ ಹೆದರಿ "ಇಲ್ಲ ಸಾರ್, ಪ್ಯಾಕೇ ತಗೋಬೇಕು" ಅಂದ್ಬಿಟ್ರು. ನನ್ ದುಡ್ಡು, ನನ್ ಎದೆ, ಇವರದ್ದೇನು ಮಧ್ಯದಲ್ಲಿ ಅಂತ ಹಠಕ್ಕೆ ಪ್ಯಾಕ್ ತಗೊಂಡೆ.

ಇಲ್ಲೇ ನಾನು ಕೆಟ್ಟಿದ್ದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಲೂಸ್ ತಗೊಳ್ಳೋವಾಗ ಒಂದು ದಮ್ಮಿಗೆ ಮೆಟ್ಟಿಲಿಳೀಬೇಕು, ಚಿಲ್ಲರೆ ಇಲ್ಲ ಅಂದ್ರೆ ಚಾಕ್ಲೇಟ್ ಇಸ್ಕೋಬೇಕು, ಹಗ್ಗಕ್ಕೆ ಕಟ್ಟಿರೋ ಲೈಟರ್ ಬೇರೆಯವರ ಕೈಯಲ್ಲಿದ್ರೆ ಕಾಯ್ಬೇಕು, ಮತ್ತೆ ಹತ್ತಬೇಕು. ಎಷ್ಟೋ ಸಲ ಈ ತಾಪತ್ರಯಕ್ಕೇ ಹೋಗ್ಲಿ ಬಿಡು ಅಂತ ಸೀಟಲ್ಲೇ ಕೂತಿದ್ದೀನಿ. ರಾತ್ರಿ ಅಂಗಡಿ ಬಾಗಿಲು ಹಾಕಿದ್ರೆ ಮುಗೀತು, ಬೆಳಿಗ್ಗೆವರೆಗೂ ಇಲ್ಲ. ಇದನ್ನೆಲ್ಲ ನಾನು ನನ್ನ ಕಂಟ್ರೋಲು ಅಂದ್ಕೊಂಡಿದ್ದೆ ನೋಡಿ, ಕಂಟ್ರೋಲ್ ಇದ್ದಿದ್ದು ಮೆಟ್ಟಿಲಲ್ಲಿ, ಅಂಗಡಿ ಶಟರಲ್ಲಿ. ಪ್ಯಾಕ್ ಜೇಬಿಗೆ ಬಂದ ಮೇಲೆ ಅದ್ಯಾವುದೂ ಇಲ್ಲ, ಫೋನ್ ಬಂದ್ರೆ ಒಂದು, ಮ್ಯಾನೇಜರ್ ಬೈದ್ರೆ ಒಂದು, ನಡುರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ಬಾಲ್ಕನೀಲಿ ಇನ್ನೊಂದು. ಸ್ವಲ್ಪ ದಿನಕ್ಕೆ ಅಣ್ಣ ಕದ್ದುಮುಚ್ಚಿ ಲೂಸ್ ಕೊಡೋಕೆ ಶುರು ಮಾಡಿದ್ರು, ಆದ್ರೆ ಅಷ್ಟೊತ್ತಿಗೆ ನಂಗೆ ಒಂದು ಸಾಲದೇ ಹೋಗಿತ್ತು.

ಇನ್ನು ದೊಡ್ಡೋರಿಗೆ ಕಾಟ ಅಂತೀರಲ್ಲ, ಅದನ್ನ ನಾನು ಒಪ್ಪಲ್ಲ. 2025ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ತಂಬಾಕು ಕಾಯ್ದೆ ತಿದ್ದುಪಡಿ ನೋಡಿ, ಸಿಗರೇಟ್ ತಗೊಳ್ಳೋಕೆ ಇರ್ಬೇಕಾದ ವಯಸ್ಸು 18ರಿಂದ 21ಕ್ಕೆ ಏರ್ತು, ಹುಕ್ಕಾ ಬಾರ್ ಬಂದ್ ಆಯ್ತು, ಪಬ್ಲಿಕ್ ಜಾಗದಲ್ಲಿ ಸೇದಿದ್ರೆ ಹಾಕೋ ಫೈನ್ 200ರಿಂದ 1000 ಆಯ್ತು. ಲೂಸ್ ನಿಲ್ಲಿಸಿರೋದು ಪ್ಯಾಕಿಗೆ ದುಡ್ಡಿಲ್ಲದೆ ಒಂದೇ ಒಂದು ತಗೊಳ್ಳೋ ಕಾಲೇಜ್ ಹುಡುಗನ್ನ ತಡೆಯೋಕೆ. ಫೈನು ನಿಮ್ಮ ಪಕ್ಕದಲ್ಲಿ ಕೂತು ಹೊಗೆ ಕುಡಿಯೋನಿಗೋಸ್ಕರ. ನಿಮ್ಮನೇಲಿ ಸೇದಿದ್ರೆ ಯಾರೂ ಫೈನ್ ಹಾಕಲ್ಲ. ಪೂರ್ತಿ ಬ್ಯಾನ್ ಮಾಡ್ಬೇಕಿತ್ತಪ್ಪ ಅನ್ನೋರಿಗೆ, ಹುಣಸೂರು ಪಿರಿಯಾಪಟ್ಟಣದ ಕಡೆ ಹೋಗಿ ಹೊಗೆಸೊಪ್ಪು ಬೆಳೆಯೋರನ್ನ ಕೇಳ್ಕೊಂಡು ಬನ್ನಿ ಅಂತೀನಿ.

ವೇಪ್ ವಿಷಯದಲ್ಲಿ ಮಾತ್ರ ನಿಮ್ಮ ಸಿಟ್ಟು ನ್ಯಾಯವೇ. ಬ್ರಿಟನ್‌ನಲ್ಲಿ ಸಿಗರೇಟ್ ಬಿಡೋಕೆ ಅಂತ ಸರ್ಕಾರಿ ಆರೋಗ್ಯ ಸೇವೆಯವರೇ ವೇಪ್ ಹಿಡ್ಕೊಳ್ಳಿ ಅಂತಾರೆ, ಇಲ್ಲಿ ಸಿಗರೇಟ್ ಬೀದಿಗೊಂದು ಅಂಗಡೀಲಿ ಸಿಗುತ್ತೆ, ವೇಪ್ ಮಾರೋದು ಅಪರಾಧ. ಕರ್ನಾಟಕ 2016ರಲ್ಲೇ ನಿಲ್ಲಿಸ್ತು, 2019ರಲ್ಲಿ ಇಡೀ ದೇಶಕ್ಕೇ ಬ್ಯಾನ್ ಬಂತು. ಆದ್ರೆ ಇಲ್ಲಿ ಕದ್ದು ಸಿಗೋ ಮಾಲಲ್ಲಿ ನಿಕೋಟಿನ್ ಎಷ್ಟಿದೆ, ಇನ್ನೇನು ಬೆರೆಸಿದ್ದಾರೆ ಯಾರು ಚೆಕ್ ಮಾಡ್ತಾರೆ? ಅದನ್ನ ನಂಬ್ಕೊಂಡು ಹೋಗ್ಬೇಡಿ.

ನಂಗೆ ದಾರಿ ಸಿಕ್ಕಿದ್ದು ಆ ದರಿದ್ರ ಪ್ಯಾಕಿಂದಾನೇ. ಲೂಸ್ ಸೇದೋನು ಪ್ಯಾಕಲ್ಲಿ 85% ಜಾಗ ತುಂಬಿರೋ ಆ ಎಚ್ಚರಿಕೆ ಚಿತ್ರ ಎಲ್ಲಿ ನೋಡ್ತಾನೆ, ಡಬ್ಬ ಅಂಗಡಿಯವನ ಹತ್ರಾನೇ ಇರುತ್ತೆ. 2018ರಿಂದ ಪ್ಯಾಕ್ ಮೇಲೆ 1800-11-2356 ಅಂತ, ಸಿಗರೇಟ್ ಬಿಡೋರಿಗೆ ಸಹಾಯ ಮಾಡೋ ಸರ್ಕಾರಿ ನಂಬರ್ ಹಾಕಿದ್ದಾರೆ, ಫ್ರೀ. ಬೈದು ಬಿಡೋಣ ಅಂತಾನೇ ಒಂದಿನ ಮಾಡಿದ್ದು ನಾನು. ಕನ್ನಡದಲ್ಲೇ ಮಾತಾಡಿದ್ರು, ನಮ್ಮ ನಿಮ್ಹಾನ್ಸಲ್ಲೂ ಇದರ ಸೆಂಟರ್ ಇದೆ. ಆ ಮೇಡಂ ಉಪದೇಶ ಗಿಪದೇಶ ಏನೂ ಮಾಡ್ಲಿಲ್ಲ, ಬೆಳಿಗ್ಗೆ ಎದ್ದು ಎಷ್ಟೊತ್ತಿಗೆ ಮೊದಲನೇದು ಹಚ್ತೀರಾ, ಪ್ಯಾಕ್ ಎಲ್ಲಿಡ್ತೀರಾ ಅಂತ ಕೇಳಿದ್ರು. ದಿಂಬಿನ ಪಕ್ಕ ಅಂದೆ. ಮೊದಲು ಅದನ್ನ ಮನೆಯಿಂದ ಆಚೆ ಹಾಕಿ ಅಂದ್ರು, ಬಿಡೋಕೆ ಒಂದು ತಾರೀಖು ಗೊತ್ತು ಮಾಡಿ ಆಮೇಲೂ ಅವರೇ ಫೋನ್ ಮಾಡಿ ವಿಚಾರಿಸ್ಕೊಂಡ್ರು. ಒಂದೆರಡು ಸಲ ಜಾರಿದೆ, ಆಮೇಲೆ ನಿಂತು ಹೋಯ್ತು.

ಸೇದ್ಬೇಕು ಅನ್ನಿಸೋದನ್ನ ತಡೆಯೋಕೆ 2 ಮಿ.ಗ್ರಾಂ ನಿಕೋಟಿನ್ ಗಮ್ ಇದೆ, ಮೆಡಿಕಲ್‌ನಲ್ಲಿ ಚೀಟಿ ಇಲ್ದೇನೇ ಕೊಡ್ತಾರೆ. ಬಬಲ್ ಗಮ್ ಥರ ಅಗೀಬೇಡಿ, ಬಿಕ್ಕಳಿಕೆ ಹತ್ಕೊಳ್ಳುತ್ತೆ. ನಿಧಾನಕ್ಕೆ ಸ್ವಲ್ಪ ಅಗಿದು ಖಾರ ಅನ್ನಿಸಿದ ತಕ್ಷಣ ಕೆನ್ನೆ ಒಳಗೆ ಒತ್ತಿ ಇಟ್ಕೊಳ್ಳಿ. ಕಾಫಿ ಕುಡಿದ ಕೂಡಲೇ ಹಾಕ್ಕೊಂಡ್ರೆ ಸರಿಯಾಗಿ ಕೆಲಸ ಮಾಡಲ್ಲ, ಒಂದು ಕಾಲು ಗಂಟೆ ಬಿಡಿ. ಹಾರ್ಟ್ ತೊಂದರೆ ಇದ್ರೆ ಮಾತ್ರ ಮೊದಲು ಡಾಕ್ಟ್ರನ್ನ ಕೇಳ್ಬಿಡಿ.