ಮುಜೊಕೊ ಟೆಂಡನ್ ಸಡಿಲಾದಾಗ ಬೆರಳನ್ನು ತಳ್ಳುವುದೇಕೆ?

ಮುಜೊಕೊದಲ್ಲಿ (ರೋಬೋ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ರೋಬೋ ಬೆರಳಿಗೆ ಟೆಂಡನ್, ಅಂದರೆ ಬೆರಳನ್ನು ಎಳೆಯುವ ಕೇಬಲ್, ಹಾಕಿದ್ದೀರಿ. ಸಡಿಲ ಬಿಟ್ಟರೆ ಕೇಬಲ್ಲೇ ಬೆರಳನ್ನು ತಳ್ಳುತ್ತದೆ, ಜಾಸ್ತಿ ಮಡಚಿದರೆ ಗೆಣ್ಣಿನ ಆಚೆ ಬದಿಗೆ ಹಾರುತ್ತದೆ, ಏಕೆ ಅಂತ ಕೇಳಿದ್ದೀರಿ.

ಮುಜೊಕೊ ಲೆಕ್ಕದಲ್ಲಿ ಟೆಂಡನ್ ಅಂದರೆ ಬರೀ ಒಂದು ಉದ್ದ. ಅದರ ಮೇಲೆ ಬಲ ಎರಡೂ ದಿಕ್ಕಿಗೆ ಬೀಳಬಹುದು. ಎಳೆತಕ್ಕಷ್ಟೇ ಕಟ್ಟಿಹಾಕುವುದು ನಮ್ಮ ಕೆಲಸ. ಮೊದಲು ಆಕ್ಚುಯೇಟರ್ (ಟೆಂಡನ್ನಿಗೆ ಬಲ ಕೊಡುವ ಮೋಟರ್) ನೋಡಿ. ಅಲ್ಲಿ ಧನ ಬಲ ಟೆಂಡನ್ನನ್ನು ಉದ್ದ ಮಾಡುತ್ತದೆ, ಋಣ ಬಲ ಎಳೆಯುತ್ತದೆ. ಹಾಗಾಗಿ ಫೋರ್ಸ್‌ರೇಂಜ್ (ಬಲದ ಮಿತಿ, ನ್ಯೂಟನ್‌ನಲ್ಲಿ) "-40 0" ಕೊಡಿ. ಪೊಸಿಷನ್ ಆಕ್ಚುಯೇಟರ್ ಆದರೆ ಕಂಟ್ರೋಲ್ ಅಂದರೆ ಮೀಟರಿನಲ್ಲಿ ಬೇಕಾದ ಉದ್ದ. ಕೆಪಿ (ಉದ್ದದ ವ್ಯತ್ಯಾಸವನ್ನು ಬಲವಾಗಿಸುವ ಗುಣಕ) ಡೀಫಾಲ್ಟ್ 1 ಆಗಿರುವುದರಿಂದ 1 ಸೆಂ.ಮೀ. ವ್ಯತ್ಯಾಸಕ್ಕೆ ಬರುವುದು 0.01 ನ್ಯೂಟನ್, ಏನೂ ಅಲುಗುವುದಿಲ್ಲ. 5000ಕ್ಕೆ ಏರಿಸಿದರೆ ಅಷ್ಟಕ್ಕೇ 50 ನ್ಯೂಟನ್, ಅದನ್ನು ಫೋರ್ಸ್‌ರೇಂಜ್ 40ಕ್ಕೆ ನಿಲ್ಲಿಸುತ್ತದೆ. ಆದರೆ ಕಂಟ್ರೋಲ್ 0 ಬಿಟ್ಟು ರನ್ ಮಾಡಬೇಡಿ: "ಉದ್ದ ಸೊನ್ನೆ ಮಾಡು" ಎಂದಂತಾಗಿ ಬೆರಳು ಮೊದಲ ಸ್ಟೆಪ್ಪಿನಲ್ಲೇ ಪೂರ್ತಿ ಬಲದಿಂದ ಮುಚ್ಚಿಕೊಳ್ಳುತ್ತದೆ. ಆರಂಭದ ಭಂಗಿಯಲ್ಲಿ ಟೆಂಡನ್ ಎಷ್ಟು ಉದ್ದವಿದೆಯೋ ಅದನ್ನೇ ಓದಿ ತುಂಬಿ.

ಟೆಂಡನ್ನಿಗೆ ಸ್ಟಿಫ್‌ನೆಸ್ (ಸ್ಪ್ರಿಂಗಿನಂಥ ಬಿಗಿತ) ಕೊಟ್ಟಿದ್ದರೆ ಸ್ಪ್ರಿಂಗ್‌ಲೆಂತ್‌ಗೆ (ಸ್ಪ್ರಿಂಗ್ ಬಲವಿಲ್ಲದೆ ನಿಲ್ಲುವ ಉದ್ದ) ಒಂದೇ ಸಂಖ್ಯೆ ಸಾಲದು, ಅದಕ್ಕಿಂತ ಗಿಡ್ಡವಾದೊಡನೆ ತಳ್ಳುತ್ತದೆ. "0 0.2" ಎಂದು ಎರಡು ಕೊಡಿ, 20 ಸೆಂ.ಮೀ. ದಾಟಿದ ಮೇಲಷ್ಟೇ ಎಳೆತ. ಡ್ಯಾಂಪಿಂಗ್ (ವೇಗಕ್ಕೆ ಒಡ್ಡುವ ತಡೆ) ಕೂಡ ಹಾಗೆಯೇ: ಉದ್ದ ಕಡಿಮೆಯಾಗುವಾಗಲೂ ಅಡ್ಡ ಬರುತ್ತದೆ, ಅಂದರೆ ಸಡಿಲ ಕೇಬಲ್ ತಳ್ಳಿದಂತೆಯೇ. ಅದನ್ನು ಟೆಂಡನ್ನಿಂದ ತೆಗೆದು ಜಾಯಿಂಟಿಗೆ ಹಾಕಿ.

ಇನ್ನು ಹಾರುವುದು. ಗೆಣ್ಣಿನಲ್ಲಿ ಕೇಬಲ್ ಸುತ್ತುವ ಸಿಲಿಂಡರಿಗೆ ಸೈಡ್‌ಸೈಟ್ (ಕೇಬಲ್ ಯಾವ ಬದಿಯಿಂದ ಹೋಗಬೇಕೆಂದು ಹೇಳುವ ಬಿಂದು) ಇಲ್ಲದಿದ್ದರೆ ಮುಜೊಕೊ ಎರಡರಲ್ಲಿ ಗಿಡ್ಡ ದಾರಿಯನ್ನು ಆರಿಸುತ್ತದೆ. ಬೆರಳು ತಿರುಗುತ್ತಾ ಯಾವುದು ಗಿಡ್ಡ ಎನ್ನುವುದೇ ಬದಲಾಗುತ್ತದೆ. ಕೇಬಲ್ ಯಾವ ಬದಿಯಲ್ಲಿರಬೇಕೋ ಆ ಬದಿಗೆ, ಸಿಲಿಂಡರ್ ಮೈಯಿಂದ ಸ್ವಲ್ಪ ಹೊರಗೆ ಸೈಡ್‌ಸೈಟ್ ಇಡಿ. ಒಳಗೆ ಇಟ್ಟರೆ ಅರ್ಥವೇ ಬೇರೆ: ಕೇಬಲ್ ಸಿಲಿಂಡರ್ ಒಳಗಿಂದ ಹಾದುಹೋಗಬೇಕು ಎಂದು ತಿಳಿಯುತ್ತದೆ. ಟೆಂಡನ್ ದಾರಿಯ ಪಟ್ಟಿಯಲ್ಲಿ ಪ್ರತಿ ಸಿಲಿಂಡರಿನ ಹಿಂದೆ ಮುಂದೆ ಒಂದೊಂದು ಸೈಟ್ (ಕೇಬಲ್ ಹಾದುಹೋಗುವ ಬಿಂದು) ಇರಲೇಬೇಕು. ಸುತ್ತುವ ಲೆಕ್ಕಕ್ಕೆ ಸಿಲಿಂಡರ್ ಉದ್ದಕ್ಕೆ ಕೊನೆಯಿಲ್ಲ ಎಂಬುದೂ ನೆನಪಿರಲಿ. ಅಂಚಿನಿಂದ ಕೇಬಲ್ ಜಾರುವುದನ್ನು ಇದು ತೋರಿಸುವುದಿಲ್ಲ.

ನಿಜವಾದ ಬೆರಳಿಗೆ ಹೋಲಿಸುವವರು ಘರ್ಷಣೆಯನ್ನು ಕೈಯಾರೆ ಸೇರಿಸಬೇಕು. ಇಲ್ಲಿ ಸುತ್ತುವಿಕೆಗೆ ಘರ್ಷಣೆಯೇ ಇಲ್ಲ, ಟೆನ್ಷನ್ ಎರಡೂ ಕಡೆ ಒಂದೇ. ವಾಸ್ತವದಲ್ಲಿ ತಿರುಗದ ಪಿನ್ ಮೇಲೆ ಘರ್ಷಣಾಂಕ 0.1 ಇದ್ದು ಅರ್ಧ ಸುತ್ತು ಹಾಕಿದರೂ ಮೋಟರ್ ಕಡೆ ಸುಮಾರು 37% ಹೆಚ್ಚು ಎಳೆಯಬೇಕಾಗುತ್ತದೆ. ಫ್ರಿಕ್ಷನ್‌ಲಾಸ್ (ಟೆಂಡನ್ನಿಗೆ ಮುಜೊಕೊ ಕೊಡುವ ಘರ್ಷಣೆಯ ಆಯ್ಕೆ) ಇದಕ್ಕೆ ಒಗ್ಗುವುದಿಲ್ಲ, ಅದು ಸ್ಥಿರ ಬೆಲೆ, ಟೆನ್ಷನ್ ಜೊತೆ ಏರುವುದಿಲ್ಲ. ಪ್ರತಿ ಸ್ಟೆಪ್ಪಿನಲ್ಲಿ ಸುತ್ತಿದ ಕೋನ ಲೆಕ್ಕಹಾಕಿ, ಆಕ್ಚುಯೇಟರ್ ಬಲವನ್ನು ಅಷ್ಟರಮಟ್ಟಿಗೆ ತಗ್ಗಿಸಿ ಕೊಡಿ.